ವೇಲ್ಸಿನ ಗುಡ್ಡದಲ್ಲಿ ‘ಬ್ಯಾಡ್ರಿ’

ಎಲ್ಲಕ್ಕೂ ಕಾರಣ ಒಂದು ಗೂಟ. ವಸತಿಗೃಹದ ಕೋಣೆಯ ಬಾಗಿಲ ಹಿಂದೆ ಕೋಟು ತೂಗುಹಾಕಲೆಂದು ಬಡಿದಿದ್ದ ಹಿತ್ತಾಳೆಯ ಗೂಟ. ಮುಂಜಾನೆ ರಮಾಕಾಂತರಾಯರು ಊಟದ ಚೀಲವನ್ನು ಮರೆಯಬಾರದೆಂದು ಅದಕ್ಕೇ ತೂಗುಹಾಕಿದರು. ಹೊರಡುವಾಗ ಬಾಗಿಲು ತೆರೆದರು, ಚೀಲ ಬಾಗಿಲ ಮರೆಗೆ ಹೋಯಿತು, ರಾಯರು ಕೆಳಗಿಳಿದು ಹೋದರು.

ಆ ಚೀಲದಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಜೊತೆಗೆ ರಾಯರ ಪಾಕೀಟು ಇದ್ದವು. ರಾಯರ ಹೆಂಡತಿ ಸುಲಭಾಬಾಯಿ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ವಾರಗಟ್ಟಲೆ ಒಲೆಯ ಮುಂದೆ ಬೆವರಿಳಿಸಿ ಮಾಡಿದ್ದ ತಿಂಡಿ ಅದು. ಸಮುದ್ರ ದಾಟಿ, ವಿಮಾನ ನಿಲ್ದಾಣದ ನಾಯಿಗಳ ಮೂಗು ದಾಟಿ, ಇಲ್ಲಿಯತನಕ ಮುರಿಯದೆ ಬಂದಿತ್ತು.

ವ್ಯಾನು ಎರಡು ಗುಡ್ಡ ಹತ್ತಿಳಿದ ಮೇಲೆ ಸುಲಭಾಬಾಯಿ ಕೈ ಚಾಚಿದರು.

“ಚೀಲ ಕೊಡ್ರಿ. ಹಸಿವ್ಯಾಗೇದ.”

ರಾಯರು ಸೀಟಿನ ಕೆಳಗೆ ತಡಕಾಡಿದರು. ಸೀಟಿನ ಹಿಂದೆ ತಡಕಾಡಿದರು. ಮುಖ ಬಿಳಿಚಿತು.

“ಇಲ್ಲೇ ಅದ… ಅಂದ್ರ, ಅಲ್ಲೇ ಅದ.”

“ಅಲ್ಲೇ ಅಂದ್ರ?”

“ಗೂಟಕ್ಕ.”

“ಇನ್ನ ಸಂಜೀತನಕಾ ನನ್ನ ಮಾತಾಡಸಬ್ಯಾಡ್ರಿ,” ಎಂದವರೇ ಸುಲಭಾಬಾಯಿ ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ, ಕುರಿಗಳ ಮೇಲೆ ಜಿಟಿಜಿಟಿ ಮಳೆ.

ವ್ಯಾನಿನಲ್ಲಿದ್ದ ಇನ್ನೊಂದು ಜೋಡಿ ಅವರ ಪಕ್ಕದ ಮನೆಯ ಗುರುಸಿದ್ದಯ್ಯ ಮತ್ತು ಮುರಿಗೆವ್ವ. ಗುರುಸಿದ್ದಯ್ಯ ಅಮ್ಮಿನಬಾವಿಯವರು, ಕಾಳುಕಡಿ ವ್ಯಾಪಾರ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಹೊಟ್ಟೆ. ನಾಲ್ವರೂ ಹೊರಟಿದ್ದು ಚಿನ್ಮಯೀ ಎಂಬ ಹುಡುಗಿಯ ಮನೆಗೆ. ಅವಳು ರಾಯರ ಹಳೆಯ ಗೆಳೆಯನ ಮಗಳು, ವೇಲ್ಸಿನ ಈ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ ಡಾಕ್ಟರು. “ಕಾಕಾ, ದಾರ್‍ಯಾಗ ಸಂತೀ ಊರು ಭಾಳ ಛಂದ ಅವ. ನೋಡಕೋತ, ನೋಡಕೋತ ಸಂಜಿಗೆ ಬರ್ರಿ,” ಎಂದು ಫೋನಿನಲ್ಲಿ ಹೇಳಿದ್ದಳು.

ಚೀಲಕ್ಕಾಗಿ ವಾಪಸ್ಸು ಹೋಗೋಣವೆಂದರೆ ಡ್ರೈವರ್ ಎಮ್ರಿಸ್ ಆಗದೆಂದು ತಲೆಯಾಡಿಸಿಬಿಟ್ಟ. ರಸ್ತೆ ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಒಂದು ಕುರಿ ಬಂದರೂ ಯಾರು ಹಿಂದೆ ಸರಿಯಬೇಕೆಂದು ಮಾತುಕತೆ ಆಗಬೇಕಿತ್ತು.

“ಚಿಂತಿ ಬಿಡ್ರಿ ರಾಯರ,” ಎಂದರು ಗುರುಸಿದ್ದಯ್ಯ. “ಊರು ಬರ್ತಾವು, ಮಂದಿ ಇರ್ತಾರ, ತಿನಾಕ ಕೊಡ್ತಾರ.”

ಕೊಟ್ಟರು. ಅಲ್ಲಿಂದಲೇ ರಾಯರ ಕಷ್ಟ ಶುರುವಾಯಿತು.

ರಾಯರು ಅಪ್ಪಟ ಧಾರವಾಡದ ಮನುಷ್ಯ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಾರಾದರೂ ತಿನ್ನಲು ಕೊಟ್ಟರೆ ಗಪ್ಪನೆ ಇಸಿದುಕೊಳ್ಳುವುದು ಅವರ ಮನೆತನದಲ್ಲೇ ಇಲ್ಲ. ಮೊದಲ ಸಲ ಕೇಳಿದಾಗ ‘ಬ್ಯಾಡ್ರಿ’ ಎನ್ನಬೇಕು, ಅದು ಸಂಸ್ಕಾರ. ಎರಡನೆಯ ಸಲ ‘ಖರೇನ ಬ್ಯಾಡ್ರಿ, ಈಗ ಆತು’ ಎನ್ನಬೇಕು, ಅದು ಸಂಕೋಚ. ಮೂರನೆಯ ಸಲ ಒತ್ತಾಯ ಮಾಡಿದಾಗ ‘ಅರ್ಧಾ ಹಾಕ್ರಿ’ ಎಂದು ಎರಡು ತಿನ್ನಬೇಕು. ಊರಲ್ಲಿ ಇದು ಎಲ್ಲರಿಗೂ ಗೊತ್ತು. ಹೀಗೆ ಒಲ್ಲೆ ಒಲ್ಲೆ ಎನ್ನುತ್ತಲೇ ರಾಯರ ಮೈಯಲ್ಲಿ ಸಕ್ಕರೆ ಏರಿತ್ತು.

ಮೊದಲ ಸಂತೆಯ ಊರು ಬಂತು. ಹೆಸರಿನ ಫಲಕ ಎಷ್ಟು ಉದ್ದವಿತ್ತೆಂದರೆ ಗುರುಸಿದ್ದಯ್ಯ ಅರ್ಧ ಓದುವಷ್ಟರಲ್ಲಿ ಊರು ಮುಗಿಯುವುದರಲ್ಲಿತ್ತು. “ಇದು ನಮ್ಮ ಅಮ್ಮಿನಬಾವಿ ಅಂತ ತಿಳ್ಕೊಂಬಿಡ್ರಿ,” ಎಂದು ಅವರು ತಾವೇ ನಾಮಕರಣ ಮಾಡಿದರು.

ಗಡಿಯಾರದ ಗೋಪುರದ ಕೆಳಗೆ ಅಂಗಡಿಗಳ ಸಾಲು. ಗಿಣ್ಣದಂಥ ಬಿಳಿಯ ಚೀಸು ಮಾರುತ್ತಿದ್ದ ಹೆಂಗಸೊಬ್ಬಳು ರಾಯರನ್ನು ಕಂಡು, ತುಂಡು ತುಂಡು ಹೆಚ್ಚಿಟ್ಟಿದ್ದ ತಟ್ಟೆ ಮುಂದೆ ಹಿಡಿದು, ರುಚಿ ನೋಡುತ್ತೀರಾ ಎಂದು ನಗುನಗುತ್ತ ಕೇಳಿದಳು. ರಾಯರ ಹೊಟ್ಟೆ ‘ಹೂಂ’ ಎಂದಿತು. ಕೈ ಮಾತ್ರ ಎದೆಯ ಮೇಲೆ ಹೋಯಿತು, ಬಾಯಿ “ನೋ ನೋ, ಥ್ಯಾಂಕ್ಯೂ” ಎಂದಿತು.

ಆಕೆ “ಸರಿ” ಎಂದಳು. ತಟ್ಟೆ ಗುರುಸಿದ್ದಯ್ಯನ ಕಡೆ ತಿರುಗಿತು.

“ಯಸ್ ಯಸ್!” ಎಂದ ಗುರುಸಿದ್ದಯ್ಯ ಒಂದು ಬಾಯಿಗೆ, ಒಂದು ಕೈಗೆ, ಒಂದು ಮುರಿಗೆವ್ವನಿಗೆ ಎಂದು ಇಸಿದುಕೊಂಡರು. ಸುಲಭಾಬಾಯಿ ಸಿಟ್ಟಿನಲ್ಲೇ ಎರಡು ತಿಂದರು. ಕೊಳ್ಳೋಣವೆಂದರೆ ಪಾಕೀಟು ಗೂಟದಲ್ಲಿ, ಸಾಲ ಕೇಳಲು ಸಂಕೋಚ; ರಾಯರು ಎರಡನೆಯ ಕರೆಗಾಗಿ ಅಂಗಡಿಯ ಮುಂದೆ ಕಾದರು. ಚೀಸಿನ ಹೆಸರು ಕೇಳಿದರು, ಹಸುಗಳ ಆರೋಗ್ಯ ಕೇಳಿದರು, ಹವಾಮಾನ ಹೊಗಳಿದರು. ಆಕೆ ಎಲ್ಲಕ್ಕೂ ಉತ್ತರ ಕೊಟ್ಟಳು, ತಟ್ಟೆಯನ್ನು ಮಾತ್ರ ಮುಚ್ಚಿಟ್ಟಳು.

“ಎಂಥಾ ಮಂದಿ ಇವರು!” ರಾಯರು ವ್ಯಾನಿನಲ್ಲಿ ಗೊಣಗಿದರು. “ಒಂದ ಸಲ ಕೇಳಿ ಬಿಟ್ಟುಬಿಡೋದೇನು? ಮನಶ್ಶಾಸ್ತ್ರನ ಗೊತ್ತಿಲ್ಲ.”

“ನಿಮಗ ಬೇಕಾಗಿತ್ತೇನ್ರಿ?” ಎಂದು ಗುರುಸಿದ್ದಯ್ಯ ಬೆರಳು ನೆಕ್ಕುತ್ತ ಕೇಳಿದರು.

“ಛೇ ಛೇ, ಬ್ಯಾಡ್ರಿ,” ಎಂದರು ರಾಯರು. ಅದು ಅಭ್ಯಾಸಬಲ.

ವ್ಯಾನು ಮುಂದೆ ನಿಂತದ್ದು ಗುಡ್ಡದ ನೆತ್ತಿಯಲ್ಲಿದ್ದ ಎಮ್ರಿಸ್‌ನ ಮುದಿ ಸೋದರತ್ತೆಯ ಹೊಲದ ಮನೆಯ ಮುಂದೆ. ಕಲ್ಲಿನ ಗೋಡೆ, ಒಳಗೆ ಬೆಚ್ಚನೆಯ ಅಡಿಗೆಮನೆ. ಆ ಅಜ್ಜಿ ಥೇಟ್ ನಮ್ಮ ರೊಟ್ಟಿಯ ಹಂಚಿನಂಥ ಕಬ್ಬಿಣದ ಹಂಚಿನ ಮೇಲೆ ಒಣದ್ರಾಕ್ಷಿ ಹಾಕಿದ ದುಂಡನೆಯ ಬಿಲ್ಲೆಗಳನ್ನು ಬೇಯಿಸುತ್ತಿದ್ದಳು. ಬೆಣ್ಣೆಯ ಘಮಕ್ಕೆ ರಾಯರ ಕಣ್ಣಲ್ಲಿ ನೀರು ಬಂತು.

ಇದು ಮನೆ, ಅಂಗಡಿಯಲ್ಲ. ಅದರಲ್ಲೂ ಹಂಚಿನ ಮುಂದೆ ಕೂತ ಅಜ್ಜಿ. ಜಗತ್ತಿನ ಯಾವ ಅಜ್ಜಿ ಒತ್ತಾಯ ಮಾಡದೆ ಬಿಡುತ್ತಾಳೆ? ರಾಯರಿಗೆ ಧೈರ್ಯ ಬಂತು. ಅಜ್ಜಿ ತಟ್ಟೆ ಚಾಚಿದಾಗ ಅವರು ಮನಸಾರೆ, ಊರಲ್ಲಿ ಹೇಳುವಷ್ಟೇ ನಯವಾಗಿ, ಬೇಡವೆಂದು ತಲೆಯಾಡಿಸಿದರು.

ಅಜ್ಜಿ, ಪಾಪ, ಅವರ ಮಾತಿಗೆ ಬೆಲೆ ಕೊಟ್ಟಳು. ಅವರ ಪಾಲಿನ ಬಿಲ್ಲೆಯನ್ನು ಎರಡು ತುಂಡು ಮಾಡಿ ಬಾಗಿಲಲ್ಲಿ ಮಲಗಿದ್ದ ಕುರಿ ಕಾಯುವ ನಾಯಿಗೆ ಹಾಕಿದಳು. ನಾಯಿ ಒಂದೇ ಸಲಕ್ಕೆ ಒಪ್ಪಿಕೊಂಡಿತು.

ರಾಯರು ಗೋಡೆಗೆ ಆತುಕೊಂಡದ್ದನ್ನು ಮುರಿಗೆವ್ವ ನೋಡಿದರು.

“ಯಾಕ್ರಿ ಅಣ್ಣಾರ, ಮುಂಜಾನಿಂದ ಒಂದೂ ಬಾಯಾಗ ಹಾಕವಲ್ರಿ? ಹೊಟ್ಟಿ ಕೆಟ್ಟೈತೇನು?”

“ಇಲ್ಲವಾ, ಹಂಗೇನಿಲ್ಲ…”

“ಸಂಕೋಚ ಮಾಡಬ್ಯಾಡ್ರಿ, ಪರದೇಶದ ನೀರು. ನಂಗೊತ್ತಾಕ್ಕೈತಿ.” ಅವರು ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಅಜಿವಾನ ರಾಯರ ಅಂಗೈಗೆ ಹಾಕಿದರು. “ಇದನ್ನ ಅಗದು ಬಿಸಿನೀರು ಕುಡೀರಿ. ಸಂಜೀತನಕಾ ಮತ್ತೇನೂ ತಿನಬಾರದು.”

ವ್ಯಾನಿನಲ್ಲಿ ಎಮ್ರಿಸ್‌ಗೂ ಅದೇ ಸಮಾಚಾರ ಮುಟ್ಟಿತು. ಅವನು ತನ್ನ ಬ್ರೆಡ್ಡಿನ ಡಬ್ಬಿಯನ್ನು ರಾಯರ ಕಣ್ಣಿಗೆ ಬೀಳದಂತೆ ಹಿಂದಕ್ಕೆ ಸರಿಸಿಟ್ಟ. ಅಜಿವಾನ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಇದ್ದ ಹಸಿವು ಇಮ್ಮಡಿಯಾಯಿತು.

ಆಗ ರಾಯರು ತಮ್ಮ ಜೀವಮಾನದ ಅತಿ ದೊಡ್ಡ ನಿರ್ಧಾರ ಕೈಗೊಂಡರು. ಸಂಸ್ಕಾರ ಸುಡುಗಾಡಿಗೆ ಹೋಗಲಿ. ಇನ್ನು ಮುಂದೆ ಯಾರು ಏನು ಕೇಳಿದರೂ, ಪ್ರಶ್ನೆ ಮುಗಿಯುವುದರೊಳಗೆ ಹೂಂ ಎನ್ನುವುದು.

ಎರಡನೆಯ ಸಂತೆಯ ಊರಿಗೆ ಗುರುಸಿದ್ದಯ್ಯ ಧಾರವಾಡದ ಹತ್ತಿರದ ಇನ್ನೊಂದು ಹಳ್ಳಿಯ ನೆನಪಿನಲ್ಲಿ ‘ಮುಗದ’ ಎಂದು ಹೆಸರಿಟ್ಟರು. ಅಂದು ಅಲ್ಲಿ ಕುರಿಗಳ ಪ್ರದರ್ಶನ. ಮೈದಾನದ ತುಂಬ ಟೋಪಿ, ಬೂಟು, ಕೆಸರು, ‘ಬ್ಯಾ’ ಎಂಬ ಸದ್ದು. ಡೇರೆಯೊಂದರಲ್ಲಿ ಚಹಾ ಕುದಿಯುತ್ತಿತ್ತು. ರಾಯರು ಆ ಡೇರೆಯ ಹತ್ತಿರ, ಪ್ರಶ್ನೆಗೆ ಸಿಕ್ಕುವ ಹಾಗೆ, ನಿಂತುಕೊಂಡರು.

ಬಂದೇ ಬಂದ ಒಬ್ಬ. ಕೆಂಪು ಮುಖದ ದಪ್ಪ ಮನುಷ್ಯ, ಬಲಗೈಗೆ ಪಟ್ಟಿ ಕಟ್ಟಿಕೊಂಡಿದ್ದ. ರಾಯರ ಭುಜದ ಮೇಲೆ ಎಡಗೈ ಇಟ್ಟು ಬಡಬಡನೆ ಏನೋ ಶುರುಮಾಡಿದ.

“ಯಸ್!” ಎಂದರು ರಾಯರು. “ಯಸ್ ಯಸ್, ಥ್ಯಾಂಕ್ಯೂ, ವೆರಿ ಹ್ಯಾಪಿ!”

ಆ ಮನುಷ್ಯನಿಗೆ ಆನಂದವಾಯಿತು. ರಾಯರಿಗೆ ಒಂದು ಬಿಳಿಯ ಕೋಟು ತೊಡಿಸಿದ. ಎಂಥ ಶುಚಿಯ ಜನ, ಊಟಕ್ಕೆ ಕೂಡಿಸುವ ಮೊದಲು ಮೈಮೇಲೆ ಸಾರು ಚೆಲ್ಲಬಾರದೆಂದು ಕೋಟು ಹಾಕುತ್ತಾರಲ್ಲ ಎಂದು ರಾಯರಿಗೆ ಖುಷಿಯಾಯಿತು. ಆಮೇಲೆ ಅವನು ಅವರ ಕೈಗೆ ಒಂದು ಹಗ್ಗ ಕೊಟ್ಟ. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಟಗರು ಇತ್ತು.

ಅವನು ಕೇಳಿದ್ದು ಇಷ್ಟೇ: ನನ್ನ ಕೈ ಮುರಿದಿದೆ, ನನ್ನ ಟಗರನ್ನು ತೀರ್ಪುಗಾರರ ಮುಂದೆ ಒಂದು ಸುತ್ತು ನಡೆಸಿಕೊಂಡು ಬರುತ್ತೀರಾ?

ಮಾಳಮಡ್ಡಿಯಲ್ಲಿ ಬೀದಿಯ ಆಡು ಎದುರಾದರೂ ದಾರಿ ಬದಲಿಸುವ ರಾಯರು ಆ ಟಗರಿನ ಕಣ್ಣಲ್ಲಿ ಕಣ್ಣಿಟ್ಟರು. ಟಗರಿಗೆ ಮನುಷ್ಯ ಎಂಥವನೆಂದು ತಿಳಿದುಹೋಯಿತು. ಅದು ಮೈದಾನಕ್ಕೆ ನುಗ್ಗಿತು. ಸುತ್ತನ್ನು ಟಗರು ಹಾಕಿತು, ರಾಯರು ಹಗ್ಗದ ಜೊತೆ ಹೋದರು.

“ಕೋಡು ಹಿಡೀರಿ ರಾಯರ, ಕೋಡು!” ಗುರುಸಿದ್ದಯ್ಯ ಬೇಲಿಯ ಮೇಲೆ ಹತ್ತಿ ಕೂಗಿದರು. “ಹಗ್ಗ ಸಡ್ಲ ಬಿಡ್ರಿ! ಜಗ್ಗಿ ಹಿಡೀರಿ! ಏ, ನಿಂತ್ಕೋರಿ!”

“ಹ್ಯಾಂಗ ನಿಂದರಲೀ!” ರಾಯರ ದನಿ ಮೈದಾನದ ಆ ತುದಿಯಿಂದ ಬಂತು.

ಅಷ್ಟು ಹೊತ್ತಿಗೆ ಅವರು ನಿಂತಿರಲಿಲ್ಲ, ಮಲಗಿದ್ದರು. ಆದರೂ ಹಗ್ಗ ಬಿಡಲಿಲ್ಲ. ಬಿಟ್ಟರೆ ಟಗರು ತಿರುಗಿ ತಮ್ಮ ಕಡೆಗೇ ಬಂದೀತೆಂಬ ಭಯ. ಜನ ಅದನ್ನು ನಿಷ್ಠೆಯೆಂದು ತಿಳಿದು ಎದ್ದುನಿಂತು ಚಪ್ಪಾಳೆ ಹೊಡೆದರು. ಟಗರಿನ ಚುರುಕುತನ ಮೆಚ್ಚಿದ ತೀರ್ಪುಗಾರರು ಅದಕ್ಕೆ ಮೊದಲ ಸ್ಥಾನ ಕೊಟ್ಟರು. ಕೆಂಪು ಮುಖದವನು ರಾಯರನ್ನು ಕೆಸರಿನ ಸಮೇತ ತಬ್ಬಿಕೊಂಡು, ಬಹುಮಾನವಾಗಿ ಬಂದ ಪೆಟ್ಟಿಗೆಯನ್ನು ಅವರಿಗೇ ಕೊಟ್ಟುಬಿಟ್ಟ. ತಿನ್ನುವ ವಸ್ತು ಎಂದು ಸನ್ನೆಯನ್ನೂ ಮಾಡಿದ.

ರಾಯರು ಅವಸರದಿಂದ ಮುಚ್ಚಳ ತೆಗೆದರು. ಒಳಗೆ ಒಂದು ಇಡಿಯ ಕುರಿಯ ತೊಡೆ.

“ಶಿವಾ ಶಿವಾ!” ಎಂದು ಗುರುಸಿದ್ದಯ್ಯ ಕಣ್ಣು ಮುಚ್ಚಿಕೊಂಡರು. ರಾಯರು ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಎಮ್ರಿಸ್‌ಗೆ ಕೊಟ್ಟರು. ಅವನು ಒಂದೇ ಮಾತಿಗೆ ಇಸಿದುಕೊಂಡ. ಆ ದೇಶದಲ್ಲಿ ಎಲ್ಲರೂ ಹಾಗೆಯೇ.

“ಸಾಕು,” ಎಂದರು ರಾಯರು, ಕಿವಿಯೊಳಗಿನ ಕೆಸರು ತೆಗೆಯುತ್ತ. “ನಮ್ಮ ಪದ್ಧತೀನ ಛಲೋ. ಕೇಳಿದ ಕೂಡಲೇ ಹೂಂ ಅಂದ್ರ ಟಗರ ಬರ್ತದ. ಇನ್ನ ಏನಿದ್ದರೂ ನಮ್ಮ ಚಿನ್ಮಯೀ ಮನ್ಯಾಗ.”

ಚಿನ್ಮಯೀಯ ತಾಯಿಯನ್ನು ನೆನೆದೇ ಅವರ ಜೀವ ಅರ್ಧ ತಣ್ಣಗಾಯಿತು. ಆಕೆಯ ಒತ್ತಾಯ ಇಡೀ ಧಾರವಾಡದಲ್ಲಿ ಪ್ರಸಿದ್ಧ. ಕೊಡೆ ವಾಪಸ್ಸು ಕೊಡಲು ಬಂದವರನ್ನೂ ಎಲೆಯ ಮುಂದೆ ಕೂಡಿಸಿ, ಏಳದಂತೆ ಹೆಗಲು ಒತ್ತಿ ಹಿಡಿದು ಬಡಿಸುತ್ತಿದ್ದ ಮಹಾತಾಯಿ. ಆ ತಾಯಿಯ ಮಗಳು ಈ ಹುಡುಗಿ.

ಬಾಗಿಲು ತೆರೆದಾಗ ಬಂದ ವಾಸನೆಗೆ ನಾಲ್ವರೂ ಹೊಸ್ತಿಲಲ್ಲೇ ನಿಂತರು. ಎಣ್ಣೆಗಾಯಿ. ಬಿಸಿ ರೊಟ್ಟಿ. ಝುಣಕ. ಚಿನ್ಮಯೀ ಎಲ್ಲರಿಗೂ ನಮಸ್ಕಾರ ಮಾಡಿ, ರಾಯರ ಕೆಸರು ಒರೆಸಲು ಟವೆಲು ಕೊಟ್ಟು, ಮೇಜಿನ ಮೇಲೆ ತಾಟು ಜೋಡಿಸಿದಳು. ಮೊದಲ ತಾಟು ರಾಯರ ಮುಂದೆಯೇ ಬಂತು.

“ಕಾಕಾ, ಊಟಕ್ಕ ಹಾಕಲೇನು?”

ಇಡೀ ದಿನದ ದುಃಖವೆಲ್ಲ ಕರಗಿತು. ಕೊನೆಗೂ ತನ್ನವರ ನಡುವೆ ಬಂದೆನೆಂದು ರಾಯರ ಎದೆ ತುಂಬಿತು. ಕುರ್ಚಿಗೆ ಆರಾಮಾಗಿ ಒರಗಿ, ಸಾವಕಾಶವಾಗಿ, ಒಂದೊಂದೇ ಶಬ್ದವನ್ನು ಚಪ್ಪರಿಸುತ್ತ ಅವರು ನುಡಿದರು:

“ಬ್ಯಾಡವಾ ತಾಯಿ. ನಿನ್ನ ನೋಡಿದೆ ನೋಡು, ಹೊಟ್ಟಿ ತುಂಬಿತು.”

“ಆತ್ರಿ ಕಾಕಾ,” ಎಂದಳು ಚಿನ್ಮಯೀ. ತಾಟು ಎತ್ತಿಕೊಂಡು ಕಪಾಟಿನಲ್ಲಿಟ್ಟಳು.

ರಾಯರು ನಕ್ಕರು. ಹುಡುಗಿ ಚೇಷ್ಟೆ ಮಾಡುತ್ತಿದ್ದಾಳೆ, ಈಗ ತಿರುಗುತ್ತಾಳೆ ಎಂದುಕೊಂಡರು. ಅವಳು ತಿರುಗಿದಳು, ಗುರುಸಿದ್ದಯ್ಯನ ತಾಟಿಗೆ ಎಣ್ಣೆಗಾಯಿ ಹಾಕಿದಳು, ಮುರಿಗೆವ್ವನಿಗೆ, ಸುಲಭಾಬಾಯಿಗೆ ರೊಟ್ಟಿ ಹಾಕಿದಳು. ರಾಯರು ಬೇಕೆಂದೇ ಕೆಮ್ಮಿದರೆ ನೀರು ತಂದುಕೊಟ್ಟಳು.

“ಖರೇ ಹೇಳ್ತೀನಿ ಕಾಕಾ,” ಎಂದಳು ಅವಳು, ಬೆಣ್ಣೆ ಹಾಕುತ್ತ. “ಇಲ್ಲೆ ಬಂದು ನಾ ಇದೊಂದು ಕಲ್ತೀನಿ. ಬ್ಯಾಡ ಅಂದವರಿಗೆ ಒತ್ತಾಯ ಮಾಡೋದು ದೊಡ್ಡ ತಪ್ಪ. ನಮ್ಮವ್ವನ ಒತ್ತಾಯಕ್ಕ ಎಷ್ಟ ಮಂದಿ ಹೊಟ್ಟಿ ಹಿಡಕೊಂಡು ಮನೀಗೆ ಹೋದ್ರೋ ಏನೋ! ನೀವು ಶ್ಯಾಣ್ಯಾರು, ಬಾಯಿಬಿಟ್ಟು ಹೇಳಿದ್ರಿ.”

“ಹೌದವಾ,” ಎಂದರು ಮುರಿಗೆವ್ವ. “ಮೊದಲ ಹೊಟ್ಟಿ ಸರಿ ಇಲ್ಲ ಅವರಿಗೆ.”

ರಾಯರು ಬಾಯಿ ತೆರೆದರು. ತಪ್ಪಾಯಿತು, ಹಸಿದಿದ್ದೇನೆ, ಹಾಕು ಎಂದು ಹೇಳಿಯೇಬಿಡಬೇಕು. ಅಷ್ಟರಲ್ಲಿ ಹಿತ್ತಲ ಬಾಗಿಲು ತಟ್ಟಿ ಒಬ್ಬ ಮುದುಕ ಒಳಗೆ ಬಂದ. ಪಕ್ಕದ ಮನೆಯ ಹ್ಯೂ, ಗುಡ್ಡದ ಊರುಗಳಿಗೆ ಟಪಾಲು ಹಂಚಿ ನಿವೃತ್ತನಾದವನು. ಚಿನ್ಮಯೀ ಅವನಿಗೆ ತಾಟಿಟ್ಟು ರೊಟ್ಟಿ ಹಿಡಿದಳು.

ಮುದುಕ ಎದೆಯ ಮೇಲೆ ಕೈಯಿಟ್ಟುಕೊಂಡ. ತಲೆ ಒಂದಿಷ್ಟು ವಾರೆ ಮಾಡಿ ಸ್ಪಷ್ಟವಾಗಿ ಅಂದ: “ಬ್ಯಾಡ್ರಿ.”

“ತಗೋರಿ ಅಜ್ಜಾರ!” ಎಂದು ಚಿನ್ಮಯೀ ರೊಟ್ಟಿ ಹಾಕಿದಳು.

“ಖರೇನ ಬ್ಯಾಡ್ರಿ. ಆತು.”

“ಏನ್ ಆತು? ಏನೂ ತಿಂದಿಲ್ಲ ನೀವು!” ಇನ್ನೊಂದು ರೊಟ್ಟಿ ಬಿತ್ತು, ಎರಡು ಎಣ್ಣೆಗಾಯಿ ಬಿದ್ದವು. ಮುದುಕ ಬೆರಳುಗಳ ನಡುವೆ ಸಂದು ಬಿಟ್ಟು ತಾಟಿನ ಮೇಲೆ ಕೈ ಅಡ್ಡ ಹಿಡಿದ.

“ಅರ್ಧಾ ಹಾಕ್ರಿ.”

ಬೆರಳ ಸಂದಿಯಿಂದಲೇ ಇಡಿಯ ರೊಟ್ಟಿ ಇಳಿಯಿತು. ಗುರುಸಿದ್ದಯ್ಯ ಮೇಜು ಗುದ್ದಿ ನಕ್ಕರು. ಮುಂಜಾನೆಯಿಂದ ಮಾತು ಬಿಟ್ಟಿದ್ದ ಸುಲಭಾಬಾಯಿಯೂ ನಕ್ಕುಬಿಟ್ಟರು.

“ನಮ್ಮೂರಿನ ರೀತಿ ಕಲಿಸು ಅಂತ ಬೆನ್ನ ಹತ್ತಿದ್ರು ಕಾಕಾ,” ಎಂದಳು ಚಿನ್ಮಯೀ, ಹೆಮ್ಮೆಯಿಂದ. “ಇವರ ಜೋಡಿ ಮಾತ್ರ ಹಿಂಗ ಆಡ್ತೀನಿ. ನೀವು ಮಾಸ್ತರು, ಪರೀಕ್ಷಾ ಮಾಡಿ ಹೇಳ್ರಿ, ಹ್ಯಾಂಗ ಕಲ್ತಾರ?”

ಮುದುಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಆಸೆಯಿಂದ ರಾಯರ ಮುಖ ನೋಡಿದ. ಮೇಜಿನ ಸುತ್ತ ಎಲ್ಲರೂ ನೋಡಿದರು.

“ನೂರಕ್ಕ ನೂರು,” ಎಂದು ರಮಾಕಾಂತರಾಯರು ಉಗುಳು ನುಂಗಿದರು. ಆ ರಾತ್ರಿ ಅವರ ಗಂಟಲಲ್ಲಿ ಇಳಿದದ್ದು ಅದೊಂದೇ.