ಪರ್ಸಿ ಕಲ್ಲಿನ ಲಗ್ನಪತ್ರಿಕೆ

ನಮ್ಮ ಕಡೆ ಅಂಗಡಿಕಾರರಿಗೆ ವೆಬ್‌ಸೈಟ್ ಮಾಡಿಕೊಡಲು ಹೋದರೆ ಏನಾದರೊಂದು ಆಗದೇ ಇರುವುದಿಲ್ಲ. ಈಗಲೂ ಆಗುತ್ತಲೇ ಇರುತ್ತದೆ. ಆದರೆ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಸೇಡಂನಲ್ಲಿ ಕೂತು ಸುತ್ತಲಿನ ಊರಿನವರಿಗೆಲ್ಲ ವೆಬ್‌ಸೈಟ್ ಮಾಡಿಸಿಯೇ ತೀರುತ್ತೇನೆಂದು ನಾನು ಹಟ ಹಿಡಿದಿದ್ದಾಗ ಆದಷ್ಟು ಮತ್ತೆಂದೂ ಆಗಲಿಲ್ಲ.

ಹಟಕ್ಕೆ ಕಾರಣ ನಮ್ಮ ಕಾಕಾ. ನಿವೃತ್ತ ಹೈಸ್ಕೂಲ್ ಮಾಸ್ತರರು. ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದಲ್ಲಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಟಕಟಕ ಸದ್ದು ನಿಲ್ಲುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಕಲಿಯುವವರು ಬರುವುದು ನಿಂತಿತು, ಕಾಕಾ ಮಶೀನುಗಳಿಗೆ ಬಟ್ಟೆ ಹೊದಿಸಿಟ್ಟರು. ಆ ಖೋಲಿಯ ಒಂದು ಮೂಲೆಯಲ್ಲಿ ನಾನು ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಕಾಕಾಗೆ ಅಲ್ಲಿ ಹಿಟ್ಟಿನ ಗಿರಣಿ ಹಾಕುವ ಆಸೆ.

“ಮಂದಿ ಜೋಳದ ರೊಟ್ಟಿ ತಿನ್ನೋದು ಬಿಡೂದಿಲ್ಲ ತಮ್ಮಾ. ನಿನ್ನ ವೆಬ್‌ಸೈಟ್ ಯಾರು ತಿಂತಾರ?” ಎಂದರು ಒಂದು ದಿನ.

“ತಿನ್ನಲಿಕ್ಕಲ್ಲ ಕಾಕಾ, ಅದನ್ನ ನೋಡಿ ಹೊರಗಿನ ಗಿರಾಕಿ ಬರ್ತಾರ.”

“ಹಂಗಂದ್ರ ಮಾತು ಇಷ್ಟೇ. ಬರೋ ಯುಗಾದಿ ತನಕ ನೋಡ್ತೀನಿ. ನೀ ಮಾಡಿದ ವೆಬ್‌ಸೈಟ್ ನೋಡಿ ಹೊರಗಿನ ಊರಿಂದ ಒಬ್ಬೇ ಒಬ್ಬ ಗಿರಾಕಿ ಬರ್ಲಿ, ಖೋಲಿ ನಿಂದು. ಬರ್ಲಿಲ್ಲಂದ್ರ ಗಿರಣಿ ಕುಂದ್ರಸ್ತೀನಿ.”

ಹೀಗೆಂದವರು ಜಾತಕಗಳ ಚೀಲ ಹೆಗಲಿಗೇರಿಸಿ ಹೊರಟರು. ಕಿರಿಯ ಮಗನಿಗೆ ಕನ್ಯೆ ಹುಡುಕುವುದು ಅವರ ಇನ್ನೊಂದು ಕೆಲಸ. ಅದೂ ನನ್ನ ವೆಬ್‌ಸೈಟಿನ ಧಂದೆಯಷ್ಟೇ ಜೋರಾಗಿ ನಡೆದಿತ್ತು.

ಮನೆತನ ಮೊದಲು

ನನಗೆ ಮೊದಲು ಸಿಕ್ಕವರು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡಿ ಮಾರುವ ಮಾಲಕರು. ವೆಬ್‌ಸೈಟಿನಲ್ಲಿ ಏನೇನು ಹಾಕೋಣ ಎಂದು ಕೇಳಿದೆ. ಅವರು ಮನೆಯೊಳಗೆ ಹೋಗಿ ಹಿರಿಯ ಮಗನ ಲಗ್ನಪತ್ರಿಕೆ ತಂದು ನನ್ನ ಕೈಗಿಟ್ಟರು.

“ಇದರಂಗೇ ಮಾಡ್ರಿ. ಭಾಳ ಛಂದ ಬಂದಿತ್ತು ಇದು.”

ಮೇಲೆ ಗಣಪತಿ, ಅದರ ಕೆಳಗೆ ಮನೆದೇವರು, ಆಮೇಲೆ ಸ್ವರ್ಗಸ್ಥರಾದ ಅಜ್ಜ ಅಜ್ಜಿ, ನಂತರ ಕಾಕಾಗಳು, ಸೋದರಮಾವಂದಿರು, ಅಳಿಯಂದಿರು, ಎಲ್ಲರೂ ಅಡ್ಡಹೆಸರು ಊರುಗಳ ಸಮೇತ. ಕೊನೆಗೆ ಗಂಡುಮಕ್ಕಳು. ಹಿರಿಯವನಿಗೆ ಈಗ ಮದುವೆಯಾಗಿದ್ದರಿಂದ ‘ಚಿ.’ ಹೊಡೆದು ಪೆನ್ನಿನಲ್ಲಿ ‘ಶ್ರೀ’ ಎಂದು ತಿದ್ದಿದ್ದರು, ಇನ್ನೂ ಆಗದ ಕಿರಿಯವನಿಗೆ ‘ಚಿ.’, ಮುಂದೆ ಬಿ.ಕಾಂ.

“ಕಲ್ಲು ಎಲ್ಲಿ ಹಾಕೋಣ್ರಿ?” ಎಂದೆ.

“ತಳಗ ಜಾಗ ಉಳಿದ್ರ ಹಾಕ್ರಿ. ಕಲ್ಲು ಯಾರು ನೋಡಿಲ್ಲ?”

“ಗಿರಾಕಿ ಕಲ್ಲು ನೋಡಲಿಕ್ಕೆ ಬರ್ತಾನ್ರಿ, ನಿಮ್ಮ ಸೋದರಮಾವನ್ನ ನೋಡಲಿಕ್ಕಲ್ಲ!”

“ಮನಿತನ ಎಂಥಾದ್ದು ಅಂತ ಗೊತ್ತಿಲ್ದೇ ಕಲ್ಲು ಹ್ಯಾಂಗ ತಗೋತಾನ್ರಿ ಅವ?”

ನಾನೂ ಬಿಡಲಿಲ್ಲ, ಅವರೂ ಬಿಡಲಿಲ್ಲ. ಮೂರು ಸಲ ಚಹಾ ಆಯಿತು. ಕೊನೆಗೆ ಗೆದ್ದವರು ಅವರೇ. ಕಲ್ಲಿನ ಫೋಟೋ ಪುಟದ ತಳದಲ್ಲಿ, ವಿಳಾಸದ ಪಕ್ಕ, ಅಂಚೆಚೀಟಿಯ ಗಾತ್ರದಲ್ಲಿ ಉಳಿಯಿತು.

ವೆಬ್‌ಸೈಟ್ ತೆರೆದ ಮರುದಿನವೇ ಹಿರಿಯ ಅಳಿಯನ ಫೋನು. ಕಿರಿಯ ಅಳಿಯನ ಹೆಸರು ತನ್ನ ಹೆಸರಿಗಿಂತ ಮೇಲೆ ಬಂದಿದೆಯೆಂದು ಅವರಿಗೆ ಸಿಟ್ಟು. ಅದಲು ಬದಲು ಮಾಡಿದೆ, ಕಿರಿಯವರಿಗೆ ಸಿಟ್ಟು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎನ್ನುವ ಹಾಗೆ ಎಲ್ಲರ ಹೆಸರನ್ನೂ ಒಂದೇ ಸಾಲಿಗೆ ತಂದು, ಬಲಗಡೆಯಿಂದ ಎಡಗಡೆಗೆ ಓಡುವ ಅಕ್ಷರಗಳಲ್ಲಿ ಬಿಟ್ಟುಬಿಟ್ಟೆ. ಅಳಿಯಂದಿರು ತಣ್ಣಗಾದರು.

ಕಾಕಾ ಕನ್ನಡಕ ಏರಿಸಿ ಪರದೆ ನೋಡಿದರು. “ಹಿರಿಯರನ್ನ ಹಿಂಗ ಓಡಸ್ತಾರೇನೋ? ಎಲ್ಲಾರೂ ಸೇರಿ ಗಾಡಿ ತಪ್ಪಿಸ್ಕೊಂಡವರಂಗ ಓಡ್ಲಿಕತ್ತಾರಲ್ಲ!”

ಊಟ ಬರಲಿಕ್ಕತ್ತದ

ಓಡುವುದೆಂದರೆ ನೆನಪಾಯಿತು, ವಾಡಿ ಸ್ಟೇಶನ್ನಿನ ಎದುರು ಖಾನಾವಳಿ ನಡೆಸುವವರು ನನ್ನ ಎರಡನೆಯ ಗಿರಾಕಿ. ಗಾಡಿ ಬದಲಿಸುವ ಮಂದಿ ದೂರದೂರದಿಂದ ವಾಡಿಗೆ ಬಂದೇ ಬರುತ್ತಾರೆ. ಹೊರಗಿನ ಗಿರಾಕಿ ಸಿಗುವುದಾದರೆ ಇಲ್ಲೇ ಸಿಗಬೇಕು ಎಂದುಕೊಂಡು ಹುರುಪಿನಿಂದ ಹೋದೆ.

ಮಾಲಕರು ಎಲೆ ಹಾಸಿ ತಾವೇ ಬಡಿಸಿದರು. ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರು, ಮೇಲೆ ಹಪ್ಪಳ. ಕಲಬುರಗಿಯಿಂದ ಕರೆಸಿದ ಫೋಟೋದವನು ಫೋಟೋ ತೆಗೆದ. ಅದನ್ನು ಹಾಗೇ ಇಡೀ ಪುಟದ ತುಂಬ ಹಾಕಬೇಕೆಂದು ಅವರ ಹುಕುಂ.

“ಫೋಟೋ ಭಾಳ ದೊಡ್ಡದಾತ್ರಿ. ನಮ್ಮ ಫೋನಿನ ತಂತಿ ಮ್ಯಾಲೆ ಲಗೂ ಬರೂದಿಲ್ಲ. ಸ್ವಲ್ಪ ಸಣ್ಣದು ಮಾಡ್ತೀನಿ,” ಎಂದೆ.

“ಸಣ್ಣದು ಮಾಡಿದ್ರ ಊಟಾನೇ ಸಣ್ಣದು ಅಂತಾರ್ರಿ ಮಂದಿ! ಇದ್ದಂಗೇ ಹಾಕ್ರಿ.”

ಹಾಕಿದೆ. ತೋರಿಸಲು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಫೋಟೋ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಎಲೆಯ ಅಂಚು ಬಂತು. ನೋಡುತ್ತ ಕೂತೆವು. ಹಪ್ಪಳದ ತುದಿ ಬಂತು. ಅವರು ಎದ್ದು ಹೋಗಿ ಎಲೆಅಡಿಕೆ ಹಾಕಿಕೊಂಡು ಬಂದರು. ಎಣ್ಣೆಗಾಯಿಯ ತೊಟ್ಟು ಕಾಣಿಸುವ ಹೊತ್ತಿಗೆ ಲೈನು ಕಟ್ಟಾಯಿತು. ಮತ್ತೆ ಮೊದಲಿನಿಂದ ಎಲೆಯ ಅಂಚು.

“ನೋಡ್ರಿ,” ಎಂದರು ಅವರು ಬೇಸರದಿಂದ, “ನಮ್ಮಲ್ಲಿ ಊಟಕ್ಕ ತಡಾ ಆತಂತ ಬೈಯೋ ಮಂದೀನ ಇನ್‌ಮ್ಯಾಲೆ ಇಲ್ಲಿಗೇ ಕಳಸ್ತೀನಿ.”

ಕೀಲಿ ಯಾರ ಹತ್ರ ಅದ?

ಚಿತ್ತಾಪುರದ ಬಟ್ಟೆ ಅಂಗಡಿಯ ಸಾಹುಕಾರರು ತಕರಾರಿಲ್ಲದ ಮನುಷ್ಯರು. ಸೀರೆಯ ಫೋಟೋ ಸಣ್ಣದಾದರೂ ನಡೆಯುತ್ತದೆ, ನೆಂಟರ ಹೆಸರು ಬೇಡವೇ ಬೇಡ ಎಂದರು. ನಾನು ಖುಷಿಯಿಂದ ಕೆಲಸ ಮುಗಿಸಿದೆ. ತಿಂಗಳು ಕಳೆಯುವುದರೊಳಗೆ ಗಾಬರಿಯಿಂದ ಫೋನ್ ಮಾಡಿದರು.

“ಇವತ್ತು ಅಮಾಸಿ. ನಮ್ಮ ವೆಬ್‌ಸೈಟ್ ತೆರದೇ ಅದ ಅಂತ ಕಲಬುರಗಿಯಿಂದ ಅಳಿಯ ಹೇಳ್ಲಿಕತ್ತಾನ!”

“ಅದು ಯಾವಾಗ್ಲೂ ತೆರದೇ ಇರ್ತದ್ರಿ.”

“ಅಮಾಸಿಗಿ ನಮ್ಮಜ್ಜನ ಕಾಲದಿಂದ ಅಂಗಡಿ ತೆಗದಿಲ್ಲ. ಕೀಲಿ ಯಾರ ಹತ್ರ ಅದ? ಲಗೂ ಮುಚ್ಚಸ್ರಿ.”

ಜಗತ್ತಿನಲ್ಲಿ ಯಾವ ವೆಬ್‌ಸೈಟಿಗೂ ಬಾಗಿಲಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬಾಗಿಲಿಲ್ಲದ ಅಂಗಡಿ ನನಗೇಕೆ ಕೊಟ್ಟಿರಿ ಎಂದು ನನಗೇ ಗಂಟುಬಿದ್ದರು. ಗಿರಾಕಿಯನ್ನು ಕಳೆದುಕೊಳ್ಳುವ ಹಾಗಿರಲಿಲ್ಲ. ಇಳಿಸಿದ ಶಟರಿನ ಫೋಟೋ ತೆಗೆದು, ಅದರ ಮೇಲೆ ‘ಇಂದು ಅಮಾವಾಸ್ಯೆ ನಿಮಿತ್ತ ಅಂಗಡಿಗೆ ರಜೆ’ ಎಂದು ಬರೆದು ಒಂದು ಪುಟ ಮಾಡಿದೆ. ಪ್ರತಿ ಅಮಾವಾಸ್ಯೆ ಬೆಳಗ್ಗೆ ಅದನ್ನು ಏರಿಸುವುದು, ಮರುದಿನ ಇಳಿಸುವುದು ನನ್ನ ವ್ರತವಾಯಿತು. ಬರಬರುತ್ತ ಆ ವೆಬ್‌ಸೈಟಿಗೆ ಜನ ಬರತೊಡಗಿದರು. ಕುತೂಹಲದಿಂದ ಸಾಹುಕಾರರನ್ನು ವಿಚಾರಿಸಿದೆ.

“ಹೌದ್ರಿ, ಭಾಳ ಫೋನ್ ಬರ್ಲಿಕತ್ತಾವ,” ಎಂದರು. “ಸೀರಿ ಯಾರೂ ಕೇಳೂದಿಲ್ಲ. ಅಮಾಸಿ ಇವತ್ತೋ ನಾಳೆಯೋ ಅಂತ ಕೇಳ್ತಾರ.”

ಅಷ್ಟರಲ್ಲಿ ಕಾಕಾ ಖೋಲಿಯ ನೆಲ ಅಳೆದು, ಗಿರಣಿ ಕೂರುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಗೆರೆ ನನ್ನ ಕುರ್ಚಿಯ ಸುತ್ತ ಸರಿಯಾಗಿ ಬಂದಿತ್ತು. ನನಗೆ ಒಳಗೊಳಗೇ ಹೆದರಿಕೆಯಾಯಿತು. ಆದರೂ ಕುರ್ಚಿ ಒಂದಿಂಚು ಸರಿಸಲಿಲ್ಲ.

ಶನಿವಾರದ ನಿಂಬೆಕಾಯಿ

ಚಿಂಚೋಳಿಯಲ್ಲಿ ನೀರೆತ್ತುವ ಪಂಪು ಮಾರುವವರೊಬ್ಬರಿದ್ದರು. ಚಂದ್ರಂಪಳ್ಳಿ ಕಡೆಯ ರೈತರೆಲ್ಲ ಅವರ ಗಿರಾಕಿಗಳು. ಅವರ ವೆಬ್‌ಸೈಟಿಗೆ ಎಷ್ಟು ಜನ ನೋಡಿದರೆಂದು ತೋರಿಸುವ ಅಂಕಿ ಜೋಡಿಸಿದೆ, ಆ ಕಾಲದಲ್ಲಿ ಅದೊಂದು ಶೋಕಿ. ಅವರಿಗೆ ಅದು ಚಟವಾಗಿಬಿಟ್ಟಿತು. ಬೆಳಗ್ಗೆ ಸಂಜೆ ತಾವೇ ತೆರೆದು ನೋಡುವರು, ಮುಚ್ಚುವರು, ಮತ್ತೆ ತೆರೆಯುವರು. ಪ್ರತಿ ಸಲವೂ ಅಂಕಿ ಏರುತ್ತಿತ್ತು. ಆಮೇಲೊಂದು ದಿನ ಮುಖ ಸಣ್ಣದು ಮಾಡಿಕೊಂಡು ಸೇಡಂಗೆ ಬಂದರು.

“ಇಷ್ಟು ಮಂದಿ ಕಣ್ಣು ಬಿದ್ದಾವ್ರಿ ನಮ್ಮ ಅಂಗಡಿ ಮ್ಯಾಲೆ. ಮೊನ್ನೆಯಿಂದ ಒಂದು ಪಂಪ್ ಹೋಗಿಲ್ಲ. ದೃಷ್ಟಿ ಆಗ್ಯಾದ.”

“ಅವೆಲ್ಲ ನಿಮ್ಮವೇ ಕಣ್ಣ್ರಿ,” ಎಂದೆ.

“ತನ್ನ ದೃಷ್ಟಿ ತನಗ ತಾಕೂದಿಲ್ಲೇನ್ರಿ? ಒಂದು ನಿಂಬಿಕಾಯಿ ಮೆಣಸಿನಕಾಯಿ ಕಟ್ರಿ.”

ಕಟ್ಟಿದೆ. ಪುಟದ ನೆತ್ತಿಯಿಂದ ದಾರ ಇಳಿಬಿಟ್ಟು, ನಿಂಬೆಕಾಯಿ, ಅದರ ಕೆಳಗೆ ಹಸಿಮೆಣಸಿನಕಾಯಿ. ಚಿಕ್ಕದಾದರೆ ತಾಕತ್ತು ಸಾಲದು ಎಂದು ದೊಡ್ಡದು ಮಾಡಿಸಿದರು. ಅದು ‘ಸಂಪರ್ಕಿಸಿ’ ಎಂಬ ಗುಂಡಿಯ ಮೇಲೆ ಸರಿಯಾಗಿ ಕೂತಿತು. ಯಾರಿಗಾದರೂ ಪಂಪು ಬೇಕೆಂದರೂ ಕೇಳಲು ದಾರಿಯಿರಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಸುತ್ತೇನೆಂದರೆ, ಬಾಗಿಲ ನಟ್ಟನಡುವೆಯೇ ಇರಬೇಕೆಂದು ಪಟ್ಟು. ಆಗಲೆಂದು ಗುಂಡಿಯನ್ನೇ ಬೇರೆ ಕಡೆ ಒಯ್ದೆ.

ಎಲ್ಲ ಸರಿಹೋಯಿತೆಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಫೋನು. “ಎಂಟು ದಿನದಿಂದ ಅದೇ ನಿಂಬಿಕಾಯಿ ತೂಗ್ಲಿಕತ್ತದಲ್ರೀ! ಶನಿವಾರ ಶನಿವಾರ ಬದಲಿ ಮಾಡೋರು ಯಾರು?”

ಸೋಲಾಪುರದ ಗಿರಾಕಿ

ಯುಗಾದಿ ಬಾಗಿಲಿಗೆ ಬಂತು. ಹೊರಗಿನ ಗಿರಾಕಿಯ ಸುಳಿವಿಲ್ಲ. ಕಾಕಾ ಗಿರಣಿಯವನಿಗೆ ಹೇಳಿಕಳಿಸುವ ಮಾತಾಡುತ್ತಿದ್ದರು.  ಹಬ್ಬಕ್ಕೆ ಎರಡು ದಿನ ಇರುವಾಗ ಶಹಾಬಾದದ ಕಲ್ಲಿನ ಮಾಲಕರು ಫೋನಿನಲ್ಲಿ ಕೂಗಿದರು.

“ನಿಮ್ಮ ವೆಬ್‌ಸೈಟ್ ನೋಡಿ ಸೋಲಾಪುರದಿಂದ ಮಂದಿ ಬಂದಾರ್ರಿ! ಲಗೂ ಬರ್ರಿ!”

ನಾನು ಕುರ್ಚಿಯಿಂದ ಜಿಗಿದೆ. “ಕಾಕಾ, ನಡೀರಿ. ನಿಮ್ಮ ಕಣ್ಣಾರೆ ನೋಡ್ರಿ,” ಎಂದು ಅವರನ್ನು ಎಬ್ಬಿಸಿಕೊಂಡೇ ಹೊರಟೆ. ಅವರು ಜಾತಕದ ಚೀಲ ಹೆಗಲಿಗೆ ಹಾಕಿಕೊಂಡೇ ಬಂದರು.

ಕಲ್ಲಿನ ಅಂಗಳದಲ್ಲಿ ಒಂದು ಜೀಪು ನಿಂತಿತ್ತು. ಹಾಸುಕಲ್ಲಿನ ರಾಶಿಯ ಮೇಲೆ ಜಮಖಾನೆ ಹಾಸಿ ನಾಲ್ಕಾರು ಗಂಡಸರು ಕೂತಿದ್ದರು. ಆಚೆ ಬದಿಗೆ ಹೆಂಗಸರು. ಮುಂದೆ ಬಾಳೆಹಣ್ಣು, ತೆಂಗಿನಕಾಯಿ, ಹೂವು ತುಂಬಿದ ತಟ್ಟೆ.

ಕಾಕಾ ನನ್ನ ಕಿವಿಯಲ್ಲಿ, “ಪರ್ಸಿ ಖರೀದಿಗಿ ಹೆಣ್ಮಕ್ಕಳು ರೇಷ್ಮಿ ಸೀರಿ ಉಟ್ಕೊಂಡು ಬರ್ತಾರೇನೋ?” ಎಂದರು.

ಗುಂಪಿನಲ್ಲಿ ಹಿರಿಯರೊಬ್ಬರು ನನ್ನ ಕೈಹಿಡಿದು ಕೂರಿಸಿಕೊಂಡರು. ಅವರು ಸೋಲಾಪುರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. “ಮನಿಗಿ ಕಲ್ಲು ಬೇಕಂತ ಇಂಟರ್ನೆಟ್‌ನ್ಯಾಗ ಶಹಾಬಾದ ಹುಡುಕಿದ್ವಿ. ನಿಮ್ಮದು ಬಂತು. ಕಲ್ಲು ಕಾಣಲಿಲ್ಲ, ಖರೇ. ಆದ್ರ ಹೆಸರು ಓಡ್ಲಿಕತ್ತಿದ್ವು ನೋಡ್ರಿ, ಓದಿಕೋತ ಕುಂತ್ವಿ. ಇವರ ಹಿರಿ ಅಳಿಯ ನಮ್ಮ ಹೆಂಡ್ತಿ ಕಡೆ ಮಂದಿ! ಹಿಂದಿಂದನೇ ಚಿ. ಅಂತ ಹುಡುಗ ಬಂದ, ಬಿ.ಕಾಂ. ನಮ್ಮ ಮಗಳೂ ಬಿ.ಕಾಂ.”

“ಹಂಗಂದ್ರ ನೀವು ಬಂದಿದ್ದು…” ಎಂದೆ.

“ಮನಿತನ ನೋಡಲಿಕ್ಕೆ.”

ಮಾಲಕರು ನನ್ನ ಕಡೆ ತಿರುಗಿ ಎದೆ ಉಬ್ಬಿಸಿದರು. “ನಾ ಹೇಳಿದ್ದಿಲ್ಲೇನ್ರಿ?”

ಸಿಕ್ಕ ಗಿರಾಕಿ ಕೈತಪ್ಪುವ ಹಾಗಿತ್ತು. ಆದರೂ ಬಿಡುವ ಮನುಷ್ಯನಲ್ಲ ನಾನು. “ಕಲ್ಲೂ ಬೇಕಲ್ರೀ ನಿಮಗ?” ಎಂದು ಸೋಲಾಪುರದವರನ್ನು ಹಿಡಿದೆ.

“ಬೇಕು, ಬೇಕು! ಇಡೀ ಮನಿಗಿ ಬೇಕು,” ಎಂದರು ಅವರು.

“ನೋಡ್ರಿ ಕಾಕಾ! ಹೊರಗಿನ ಗಿರಾಕಿ, ವೆಬ್‌ಸೈಟ್ ನೋಡಿ ಬಂದ, ಕಲ್ಲು ಕೇಳಿದ!”

ಕಾಕಾ ಬಾಯಿ ತೆರೆಯುವ ಮೊದಲೇ ಮಾಲಕರು ಎದ್ದುನಿಂತು ಕೈಮುಗಿದರು. “ಛೇ ಛೇ, ಬೀಗರಾಗೋರ ಹತ್ರ ವ್ಯಾಪಾರ ಮಾಡ್ತಾರೇನ್ರಿ? ಮನಿ ತುಂಬ ಕಲ್ಲು ನನ್ನ ಕಡೆಯಿಂದ ಉಡುಗೊರಿ!”

ಹೆಂಗಸರು ನಕ್ಕರು, ತಟ್ಟೆ ಬದಲಾಯಿತು, ಎಲ್ಲರ ಬಾಯಿಗೂ ಸಕ್ಕರೆ ಬಿತ್ತು.  ಇಷ್ಟು ದಿನ ಹಟ ಮಾಡಿ ತಂದ ಒಬ್ಬನೇ ಗಿರಾಕಿ ಕಣ್ಣೆದುರಿಗೇ ಬೀಗನಾಗಿ ಹೋಗಿದ್ದ.

 ಬಸ್ಸಿನಲ್ಲಿ ಬರುವಾಗ ಕಾಕಾ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಸೇಡಂನಲ್ಲಿ ಇಳಿದವರು ಮನೆಗೆ ಹೋಗದೆ ನೇರವಾಗಿ ಖೋಲಿಗೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಮಾತು ಮುಗಿಯಿತು, ನಾಳೆ ಕಂಪ್ಯೂಟರ್ ಎತ್ತಿಕೋ ಎನ್ನುತ್ತಾರೆಂದು ಗೊತ್ತಿತ್ತು. ಏನೇ ಅಂದರೂ ಇನ್ನೊಂದು ಯುಗಾದಿಯವರೆಗೆ ಗಡುವು ಕೇಳಿಯೇ ತೀರುತ್ತೇನೆಂದು ಹಲ್ಲು ಕಚ್ಚಿ ನಿಂತೆ.

ಕಾಕಾ ಒದ್ದೆ ಬಟ್ಟೆ ತಂದರು. ಮಂಡಿಯೂರಿ ಕೂತು, ನನ್ನ ಕುರ್ಚಿಯ ಸುತ್ತಲಿನ ಸೀಮೆಸುಣ್ಣದ ಗೆರೆಯನ್ನು ನಿಧಾನವಾಗಿ ಒರೆಸಿದರು. ನನಗೆ ನಂಬಿಕೆಯಾಗಲಿಲ್ಲ. ಅವರ ಕೈಯಿಂದ ಬಟ್ಟೆ ಕಸಿದುಕೊಂಡು ಉಳಿದಿದ್ದನ್ನು ನಾನೇ ಒರೆಸಿದೆ.

“ಗಿರಣಿ ಬ್ಯಾಡ್ರೇನು ಕಾಕಾ?”

“ಅದಿರ್ಲಿ ಬಿಡು,” ಎಂದರು. ಜಾತಕದ ಚೀಲವನ್ನು ನನ್ನ ಕಂಪ್ಯೂಟರಿನ ಪಕ್ಕ ಇಟ್ಟರು. ಬಾಗಿಲ ಹೊರಗೆ ಒಮ್ಮೆ ಇಣುಕಿ, ದನಿ ತಗ್ಗಿಸಿದರು.

“ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೂ ಒಂದು ವೆಬ್‌ಸೈಟ್ ಮಾಡು.”

“ಅದು ಮುಚ್ಚೇದಲ್ರೀ ಕಾಕಾ!”

“ಮುಚ್ಚಿದ್ದು ಯಾಕ ಬರೀತಿ? ಮಶೀನಿನ ಫೋಟೋನೂ ಬ್ಯಾಡ. ನಮ್ಮ ಸಣ್ಣಾವಂದು ಹೆಸರು, ಗೋತ್ರ, ನಕ್ಷತ್ರ ಹಾಕು. ನಿಂದ್ರಸಬ್ಯಾಡ, ಓಡಸು!”