ಅತ್ತೆಯವರ ಬೆರಳಿಗೆ ತಂದ ಎಣ್ಣೆ

ಮೇಷ್ಟ್ರ ಕೆಲಸದಲ್ಲಿರುವವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗೆ ನಾಲ್ಕು ಜನ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕು, ಅವರು ನಮ್ಮ ಮಾತನ್ನೇ ಕೇಳುತ್ತಿದ್ದಾರೆ ಎಂದುಕೊಂಡುಬಿಡುತ್ತೇವೆ. ನನಗಂತೂ ಇದು ವಾಸಿಯಾಗದ ಬೇನೆ. ಇಚಲಕರಂಜಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಬಸ್ಸಿಗೆ ಕಾಯುವವರಿಗೂ ಕಲಿಸುತ್ತೇನೆ. ಮನೆಗೆ ಬಂದ ಮೇಲೆ ಹೆಂಡತಿ ಮಹಾದೇವಿಗೂ ಅತ್ತೆಯವರಿಗೂ ಕಲಿಸುತ್ತೇನೆ. ನಾನು ದತ್ತವಾಡದ ಕಬ್ಬಿನ ಹೊಲದಿಂದ ಬಂದವನು. ಅತ್ತೆ ಮೂವತ್ತು ವರ್ಷ ವಿದ್ಯುತ್ ಮಗ್ಗ ನಡೆಸಿದವರು, ಮಹಾದೇವಿ ಬೆಳೆದದ್ದೂ ಆ ಮಗ್ಗಗಳ ನಡುವೆಯೇ. ಊಟಕ್ಕೆ ಕೂತು ನಾನು ಮಾತು ತೆಗೆದರೆ ಅತ್ತೆಯವರ ತೋರುಬೆರಳು ಗಾಳಿಯಲ್ಲಿ ಗಿರಗಿರನೆ ಸುತ್ತತೊಡಗುತ್ತಿತ್ತು. ಪಾಪ, ವಯಸ್ಸಾಯಿತು, ನರಗಳು ಸೋತಿವೆ ಎಂದು ನಾನು ಕೊಲ್ಹಾಪುರಕ್ಕೆ ಹೋದಾಗಲೆಲ್ಲ ಒಂದು ಶೀಶೆ ಆಯುರ್ವೇದದ ಎಣ್ಣೆ ತರುತ್ತಿದ್ದೆ. ಅಳಿಯ ಅಂದರೆ ಹೀಗಿರಬೇಕು ಎಂದು ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಈ ವರ್ಷ ನಮ್ಮಲ್ಲಿ ಹೊಸ ನಿಯಮ ಬಂತು. ವಿದ್ಯಾರ್ಥಿಗಳು ಊರಿನ ಒಂದು ಸಂಸ್ಥೆಯ ಜೊತೆ ಕೆಲಸ ಮಾಡಿ ಕಲಿಯಬೇಕು, ಅದಕ್ಕೆ ಅಂಕ ಬೇರೆ. ನಾನು ಎಂಟು ಜನರನ್ನು ಮಗ್ಗದ ಕೆಲಸಗಾರರ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿದೆ. ಮಗ್ಗದ ಸದ್ದಿಗೆ ಕಿವಿ ಮಂದವಾದವರನ್ನು ಹುಡುಕಿ ತಪಾಸಣೆಗೆ ಕರೆತರುವುದು ಅವರ ಕೆಲಸ. ಅದಕ್ಕಾಗಿ ನಲವತ್ತು ಪ್ರಶ್ನೆಗಳ ಒಂದು ಫಾರ್ಮನ್ನು ನಾನೇ ಕೂತು ತಯಾರಿಸಿದ್ದೆ. ಎರಡು ವಾರ ಕಳೆದರೂ ಒಂದು ಫಾರ್ಮೂ ತುಂಬಲಿಲ್ಲ. ಗುಂಪಿನ ಮುಂದಾಳು ರೇಖಾ, ಗಡಹಿಂಗ್ಲಜದಿಂದ ಬಂದು ಹಾಸ್ಟೆಲಿನಲ್ಲಿದ್ದವಳು, ಕಣ್ಣಲ್ಲಿ ನೀರು ತಂದುಕೊಂಡು ನಿಂತಳು. ಇದರಲ್ಲಿ ಪಾಸಾಗದಿದ್ದರೆ ಅವಳ ಪದವಿ ನಿಲ್ಲುತ್ತಿತ್ತು, ಬಿ.ಎಡ್. ಸೇರುವ ಆಸೆಯೂ ಮಣ್ಣುಪಾಲು.

“ಕೂಗಿ ಕೂಗಿ ಗಂಟಲ ಹರದೈತ್ರಿ ಸರ್. ಆ ಸಪ್ಪಳದಾಗ ನಮ್ಮ ಪ್ರಶ್ನೆ ನಮಗ ಕೇಳಸೂದಿಲ್ಲ.”

“ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಬೇಕಮ್ಮಾ” ಎಂದು ಅವಳಿಗೆ ಮುಕ್ಕಾಲು ಗಂಟೆ ಸಂಶೋಧನಾ ವಿಧಾನ ವಿವರಿಸಿದೆ. ಅವಳನ್ನು ಕಾಪಾಡಿದ್ದು ನನ್ನ ವಿವರಣೆಯಲ್ಲ, ಆರೋಗ್ಯ ಕೇಂದ್ರದ ಶಾಂತವ್ವ. “ನಿಮ್ಮ ಸರ್ ಕೊಟ್ಟ ಕಾಗದ ಬಾಜೂಕ ಇಡ್ರಿ. ಮೊದಲ ಕೈಲೆ ಮಾತಾಡೂದ ಕಲೀರಿ” ಅಂದರಂತೆ. ಮಗ್ಗದ ಶೆಡ್ಡಿನಲ್ಲಿ ಯಾರೂ ಕೂಗುವುದಿಲ್ಲ. ಮೀಸೆ ಸವರಿದರೆ ಮಾಲೀಕ ಬಂದ ಎಂದರ್ಥ, ಬೊಗಸೆ ತುಟಿಗೆ ತಂದರೆ ಚಹಾ. ಮಗುವಿಗೆ ಜ್ವರ ಎಂಬುದನ್ನೂ ಆರು ಮಗ್ಗ ಆಚೆಗಿರುವವರಿಗೆ ಅವರು ಕೈಯಲ್ಲೇ ಹೇಳಬಲ್ಲರು. ನಮ್ಮ ಹುಡುಗರು ಹದಿನೈದು ದಿನದಲ್ಲಿ ಅದನ್ನು ಕಲಿತರು. ಕಿವಿ ಮಂದವಾದವರು ಒಬ್ಬೊಬ್ಬರಾಗಿ ತಪಾಸಣೆಗೆ ಬಂದರು, ಫಾರ್ಮುಗಳೂ ತುಂಬಿದವು.

ಅದೇ ಹೊತ್ತಿಗೆ ನನ್ನ ತರಗತಿಯಲ್ಲಿ ಒಂದು ಪವಾಡ ನಡೆಯಿತು. ಸಂತೆಯಂತಿದ್ದ ಕ್ಲಾಸು ಮಠದಂತಾಯಿತು! ಪಿಸುಮಾತಿಲ್ಲ, ಬೆಂಚು ಕುಟ್ಟುವುದಿಲ್ಲ. ಪ್ರಿನ್ಸಿಪಾಲರನ್ನು ಕರೆದುಕೊಂಡು ಹೋಗಿ ಕಿಟಕಿಯಿಂದ ತೋರಿಸಿದೆ. “ಶಿಸ್ತು ಹೊಡೆದರ ಬರೂದಲ್ಲ ಸರ್, ಪಾಠದಿಂದ ಬರತದ” ಎಂದು ಬೀಗಿದೆ.

ವರದಿ ಒಪ್ಪಿಸುವ ದಿನ ಬಂತು. ಶಾಂತವ್ವ ಬಂದು ಮುಂದಿನ ಸಾಲಿನಲ್ಲಿ ಕೂತರು. ರೇಖಾಳನ್ನು ಪರಿಚಯಿಸಲು ಎದ್ದ ನಾನು ಸಮಾಜ ಎಂದರೇನು ಎಂಬಲ್ಲಿಂದ ಶುರುಮಾಡಿದೆ. ಅರ್ಧ ಗಂಟೆಯಾಗಿರಬೇಕು. ತನ್ನ ಸರದಿಗೆ ಕಾದು ಕೂತಿದ್ದ ರೇಖಾಳ ತೋರುಬೆರಳು ಗಾಳಿಯಲ್ಲಿ ಗಿರಗಿರನೆ ಸುತ್ತಿತು. ಹಿಂದಿನ ಬೆಂಚುಗಳ ಭುಜಗಳೆಲ್ಲ ಕುಲುಕಿದವು. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಏನದು?” ಎಂದೆ.

“ಕಾಯ್ ನಾಹೀ ಸರ್.” ರೇಖಾ ಕೈ ಹಿಂದಕ್ಕೆಳೆದುಕೊಂಡಳು.

“ಏನಿಲ್ಲ ಅಂದರೆ ನಡೆಯೂದಿಲ್ಲ. ನೀವು ಕಲಿತದ್ದಕ್ಕೆ ತಾನೇ ಅಂಕ? ಹೇಳು.”

“ಮಾರ್ಕ್ಸ್ ಕಡಿಮಿ ಮಾಡಬಾರದ್ರಿ ಮತ್ತ.” ಅವಳು ನೆಲ ನೋಡುತ್ತ ಹೇಳಿದಳು: “ನೂಲು ಮುಗದ ಭಾಳ ಹೊತ್ತಾತು, ಮಗ್ಗ ಸುಮ್ನ ಬಡ್ಯಾಕತ್ತೈತಿ ಅಂತ್ರಿ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಬೆರಳನ್ನು ನಾನು ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸುತ್ತಿದ್ದೆ. ಎಲ್ಲೋ ಏನು, ಮದುವೆಯಾದ ಹನ್ನೊಂದು ವರ್ಷದಿಂದ ದಿನಕ್ಕೆರಡು ಹೊತ್ತು ಊಟದ ತಟ್ಟೆಯ ಎದುರಿಗೇ ನೋಡಿದ್ದೇನೆ! ಆ ಎಂಟು ಜನ ಕೈಮಾತನ್ನು ಇಡೀ ಕ್ಲಾಸಿಗೆ ಕಲಿಸಿಬಿಟ್ಟಿದ್ದಾರೆ, ನನ್ನ ಪವಾಡದ ಗುಟ್ಟು ಅದೇ ಎಂಬುದೂ ಹೊಳೆಯಿತು. ಕುರ್ಚಿಯಲ್ಲಿ ಕೂತೆ. ರೇಖಾ ಹತ್ತೇ ನಿಮಿಷದಲ್ಲಿ, ನನ್ನ ಇಡೀ ವರ್ಷದ ಪಾಠಕ್ಕಿಂತ ಚೆನ್ನಾಗಿ, ತಾನು ಕಂಡ ಜನರ ಬದುಕನ್ನು ಹೇಳಿ ಮುಗಿಸಿದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಕೊಡುವಾಗ ಹೊಟ್ಟೆಕಿಚ್ಚಾಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆ ರಾತ್ರಿ ಊಟಕ್ಕೆ ಕೂತು ತುಟಿ ಬಿಚ್ಚಲಿಲ್ಲ. ಮಹಾದೇವಿ ಗಾಬರಿಯಾದಳು. “ಯಾಕ್ರಿ, ಆರಾಮ ಇಲ್ಲೇನು?” ನಾನು ಉತ್ತರ ಕೊಡದೆ ತೋರುಬೆರಳೆತ್ತಿ ಗಿರಗಿರನೆ ಸುತ್ತಿದೆ. ರೊಟ್ಟಿ ಬಡಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅತ್ತೆಯವರಿಗೆ ಮಾತ್ರ ಒಂದಿಷ್ಟೂ ನಾಚಿಕೆಯಾದಂತೆ ಕಾಣಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಚೂರು ಬೆಣ್ಣೆ ಹಾಕುತ್ತ ಪ್ರೀತಿಯಿಂದಲೇ ಅಂದರು:

“ಗೊತ್ತಾತೇನ್ರಿ ಮತ್ತ? ಇರಲಿ ಬಿಡ್ರಿ. ಆದ್ರ ಆ ಎಣ್ಣಿ ತರೂದು ಮಾತ್ರ ಬಿಡಬ್ಯಾಡ್ರಿ. ಅದನ್ನ ಹಚ್ಚಾಕತ್ತಿದಾಗಿಂದ ಬೆರಳ ಭಾಳ ಸಲೀಸ ತಿರಗತೈತಿ.”