ಬ್ರಾಕೆಟ್ಟಿನೊಳಗೆ ಯಾವ ಅಕ್ಷರ?

ಜಗಳ ಯಾವ ದೇಶದ್ದೇ ಆಗಲಿ, ನಮ್ಮನೆ ವಿಳಾಸ ಕೇಳಿಕೊಂಡು ಬಂದೇ ಬರುತ್ತೆ. ದಾವಣಗೆರೆಯಲ್ಲಿ ನಮ್ಮ ಮಾವನವರು ಸಮಾಜವಾದಿ. ಅವರ ಪಕ್ಷ ಒಡೆದಾಗಲೆಲ್ಲ ಬಂದವರಿಗೆ ಚಹಾ ಸೋಸಿ ಸೋಸಿ ನನ್ನ ಕೈ ಬಿದ್ದುಹೋಗಿತ್ತು. ಮಿಶಿಗನ್ನಿಗೆ ಬಂದಮೇಲೆ ಆ ಕಾಟ ತಪ್ಪಿತು ಅಂದುಕೊಂಡಿದ್ದೆ. ತೊಂಬತ್ತರ ದಶಕದ ಕೊನೆಗೆ ಮಗಳು ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಬಂಗಾರ. ಅಪ್ಪ ಸಿರಿಯಾದವರು, ಅಮ್ಮ ಇರಾಕಿನವರು. ಅಲ್ಲಿಂದ ಶುರುವಾಯ್ತು ನೋಡಿ.

ಒಂದೇ ಘೋಷಣೆ

ಹುಡುಗನ ಅಪ್ಪ ಅಮ್ಮ ಮಾತುಕತೆಗೆ ಬಂದರು. ನಮ್ಮನೆಯವರ ಥರಾನೇ ಬೀಗರೂ ಡಿಟ್ರಾಯ್ಟ್ ಹತ್ತಿರದ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡೋ ಕಡೆ ಕೆಲಸ. ಎಲ್ಲ ಒಪ್ಪಿಗೆಯಾಯ್ತು. ಕೊನೆಗೆ ನಿಕಾಹ್‌ಗೆ ಇಬ್ಬರು ಸಾಕ್ಷಿ ಯಾರು ಅನ್ನೋ ಮಾತು ಬಂತು.

"ಒಬ್ಬ ನಾನು," ಅಂದರು ಬೀಗರು.

"ಇನ್ನೊಬ್ಬ ನನ್ನ ತಮ್ಮ," ಅಂದರು ಬೀಗಿತಿ.

ಬೀಗರು ಕಪ್ ಕೆಳಗಿಟ್ಟರು. "ಅವನು ಬಂದರೆ ನಾನು ಬರಲ್ಲ."

"ಅವನು ಬರದಿದ್ದರೆ ನಾನು ಬರಲ್ಲ," ಅಂದರು ಬೀಗಿತಿ. ಮಗಳ ಮುಖ ಇಷ್ಟೇ ಇಷ್ಟಾಯ್ತು.

ವಿಷಯ ಇಷ್ಟು. ಭಾವ, ಭಾವಮೈದ ಇಬ್ಬರೂ ಹರೆಯದಲ್ಲಿ ಒಂದೇ ಅರಬ್ ಸಮಾಜವಾದಿ ಪಕ್ಷದವರು. ಅದು ಒಡೀತು. ಬೀಗರು ಸಿರಿಯಾ ಬಣ, ಅವರ ಭಾವಮೈದ ಇರಾಕ್ ಬಣ. ಪಕ್ಷ ಒಡೆದಿದೆ ಅಂದ ತಕ್ಷಣ ನಮ್ಮನೆಯವರಿಗೆ ತವರಿನ ನೆಂಟರು ಸಿಕ್ಕಂಗಾಯ್ತು. "ನಮ್ಮೂರಲ್ಲೂ ಹಂಗೇ! ಒಡೆದಮೇಲೆ ಹೆಸರಿನ ಮುಂದೆ ಬ್ರಾಕೆಟ್ ಹಾಕಿ ಒಂದು ಅಕ್ಷರ ಬರ್ಕೋತಾರೆ. ನಿಮ್ಮ ಬ್ರಾಕೆಟ್ಟಿನೊಳಗೆ ಯಾವ ಅಕ್ಷರ?"

"ಬ್ರಾಕೆಟ್ ಇಲ್ಲ. ಇಬ್ಬರದೂ ಒಂದೇ ಹೆಸರು," ಅಂದರು ಬೀಗರು.

"ಮತ್ತೆ ವ್ಯತ್ಯಾಸ?"

"ನಮ್ಮದು ಏಕತೆ, ಸ್ವಾತಂತ್ರ್ಯ, ಸಮಾಜವಾದ."

"ಅವರದು?"

"ಏಕತೆ, ಸ್ವಾತಂತ್ರ್ಯ, ಸಮಾಜವಾದ. ಆದರೆ ಅವರು ಬರೀ ಬಾಯಲ್ಲಿ ಹೇಳ್ತಾರೆ!"

ಗಡಿಯಿಲ್ಲದ ನಕ್ಷೆ

ಬೀಗಿತಿಯ ಆ ತಮ್ಮ ಇದ್ದದ್ದು ಶಿಕಾಗೋ ಹತ್ತಿರ ಲಿಸ್ಲ್‌ನಲ್ಲಿ. ಒಪ್ಪಿಸೋಣ ಅಂತ ಡ್ರೈವ್ ಮಾಡಿದ್ವಿ. ನಮ್ಮನೆಯವರು ದಾರಿಯುದ್ದಕ್ಕೂ ಪಕ್ಷ ಒಡೆದದ್ದನ್ನು ನನಗೆ ವಿವರಿಸುತ್ತಾ ಎಕ್ಸಿಟ್ ಬಿಟ್ಟುಬಿಟ್ಟರು.

ಮನುಷ್ಯ ಭಾರೀ ಮರ್ಯಾದಸ್ಥರು, ತಟ್ಟೆ ತುಂಬ ಖರ್ಜೂರ ಇಟ್ಟರು. ಗೋಡೆ ಮೇಲೆ ಅರಬ್ ನಾಡಿನ ದೊಡ್ಡ ನಕ್ಷೆ, ಒಳಗೆ ಒಂದು ಗಡಿಯೂ ಇಲ್ಲ. "ಎಲ್ಲ ಒಂದೇ ದೇಶ," ಅಂದರು. ನಮ್ಮನೆಯವರು ಸುಮ್ಮನಿರಬೇಕು ತಾನೇ? "ನಿಮ್ಮ ಭಾವನ ಮನೇಲೂ ಇದೇ ನಕ್ಷೆ ಇದೆ!"

"ಅದು ತಪ್ಪು ನಕ್ಷೆ."

"ಗೆರೇನೇ ಇಲ್ವಲ್ಲ ಸರ್, ತಪ್ಪೋದಾದ್ರೂ ಎಲ್ಲಿ?"

ಅವರು ಎದ್ದುಹೋಗಿ ಬಾಗ್ದಾದಿನ ಮೇಲಿದ್ದ ಕೆಂಪು ಚುಕ್ಕೆಗೆ ಬೆರಳಿಟ್ಟರು. "ಅವನು ರಾಜಧಾನಿಯ ಚುಕ್ಕೆಯನ್ನ ಡಮಾಸ್ಕಸ್‌ನಲ್ಲಿ ಇಟ್ಟಿದ್ದಾನೆ!"

ಒಂದು ಚುಕ್ಕೆಗೆ ನನ್ನ ಮಗಳ ಮದುವೆ ನಿಂತಿದೆಯಲ್ಲಪ್ಪಾ ಅಂತ ತಲೆ ಚಚ್ಚಿಕೊಳ್ಳೋ ಹಂಗಾಯ್ತು. ವಾಪಸ್ ಬರುವಾಗ ನಮ್ಮನೆಯವರು ಕೇಳಿದರು: "ಅಲ್ಲ ಕಣೇ, ಒಂದು ಚುಕ್ಕೆ ಅಳಿಸೋ ಬದಲು ಎರಡೂ ಇಟ್ಕೊಂಡ್ರೆ ಆಗಲ್ವಾ?"

"ಇದನ್ನ ದಯವಿಟ್ಟು ಅವರ ಮುಂದೆ ಹೇಳಬೇಡಿ," ಅಂದೆ.

ಮೂರನೆಯವರು

ರಾಜಿ ಮಾಡಿಸೋಕೆ ಈ ಕಡೆಗೂ ಸೇರದ, ಆ ಕಡೆಗೂ ಸೇರದ ಒಬ್ಬರು ಬೇಕಿತ್ತು. ಆನ್ ಆರ್ಬರ್‌ನಲ್ಲಿ ಒಬ್ಬ ಈಜಿಪ್ಟಿನ ಪ್ರೊಫೆಸರ್ ಸಿಕ್ಕರು. ಅವರೂ ಸಮಾಜವಾದಿಯೇ, ಆದರೆ ಈಜಿಪ್ಟಿನ ಬೇರೆ ಪಂಥ. ಫೋನಿನಲ್ಲಿ ಭಾವ, ಭಾವಮೈದ ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ ತೀರ್ಪು ಕೊಟ್ಟರು: "ಇಬ್ಬರೂ ತಪ್ಪು. ಸರಿಯಾದ ಕ್ರಮ ಸ್ವಾತಂತ್ರ್ಯ, ಸಮಾಜವಾದ, ಆಮೇಲೆ ಏಕತೆ."

ಆ ಸಂಜೆ ವಿಕ್ಸಮ್‌ನಿಂದ ಒಂದು, ಲಿಸ್ಲ್‌ನಿಂದ ಒಂದು ಫೋನ್ ಬಂತು. ಇಬ್ಬರ ಮಾತೂ ಒಂದೇ: "ಏಕತೆಯನ್ನ ಕೊನೆಗಿಟ್ಟವನ ಮಾತನ್ನ ನಾನು ಕೇಳಬೇಕಾ?"

ಡಿ ಅಥವಾ ಸಿ

ಮದುವೆ ದಿನ ಹಾಲ್ ತುಂಬಿತ್ತು. ಬೀಗರು ಬಂದರು, ಅವರ ಭಾವಮೈದನೂ ಬಂದರು. ಆದರೆ ಒಬ್ಬರನ್ನೊಬ್ಬರು ಕಂಡು ಪಾರ್ಕಿಂಗ್ ಲಾಟ್‌ನಲ್ಲೇ ತಂತಮ್ಮ ಕಾರಿನೊಳಗೆ ಹೀಟರ್ ಹಾಕಿ ಕೂತುಬಿಟ್ಟರು, ಮೊದಲು ಅವನು ತೊಲಗಲಿ ಅಂತ. ಒಳಗೆ ಕಾಜಿ ಸಾಹೇಬರು ಗಡಿಯಾರ ನೋಡ್ತಿದ್ದಾರೆ. ಮಗಳು ನನ್ನ ಕೈ ಹಿಡಿದು, "ಅಮ್ಮೀ, ಡೂ ಸಮ್‌ಥಿಂಗ್," ಅಂದಳು. ಕಣ್ಣಲ್ಲಿ ನೀರು.

ನನಗೆ ಎಲ್ಲಿತ್ತೋ ಸಿಟ್ಟು! ಆ ಚಳಿಯಲ್ಲಿ ಜರಿ ಸೀರೆ ಮೇಲೆ ಜಾಕೆಟ್ ಹಾಕ್ಕೊಂಡು ಹೋಗಿ ಎರಡೂ ಕಾರಿನ ಕಿಟಕಿ ಬಡಿದೆ. "ನೀವು ಬರೋದೇನೂ ಬೇಡ, ಬೆಚ್ಚಗೆ ಕೂತಿರಿ. ಆನ್ ಆರ್ಬರ್ ಪ್ರೊಫೆಸರ್ ಒಳಗಿದ್ದಾರೆ, ಅವರನ್ನೇ ಸಾಕ್ಷಿ ಮಾಡ್ತೀವಿ. ಸ್ಟೇಜ್ ಹತ್ತಿ ಎರಡು ಮಾತೂ ಆಡ್ತಾರಂತೆ."

ಎರಡೂ ಬಾಗಿಲು ಒಟ್ಟಿಗೆ ತೆರೆದವು. ಇಬ್ಬರೂ ಹೆಚ್ಚುಕಡಿಮೆ ಓಡುತ್ತಾ ಬಂದು ಕಾಜಿಯ ಎಡಬಲ ಕೂತರು. ನಿಕಾಹ್ ಆಯ್ತು. ನಾನು ಅತ್ತು ಹಗುರಾದೆ.

ಊಟಕ್ಕೂ ಇಬ್ಬರೂ ಒಂದೇ ಟೇಬಲ್. ಪ್ರೊಫೆಸರನ್ನು ಒಟ್ಟಿಗೆ ಬೈಯುತ್ತಾ ಬಿರಿಯಾನಿ ತಿಂದರು. ನಡುವೆ ಬೀಗರು ಭಾವಮೈದನ ಹೆಗಲ ಮೇಲೆ ಕೈಹಾಕಿ, "ಇನ್ನು ಸಿರಿಯಾ ಬಣವೂ ಇಲ್ಲ, ಇರಾಕ್ ಬಣವೂ ಇಲ್ಲ. ನಾವಿಬ್ಬರೂ ಒಂದೇ ಪಕ್ಷ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮನೆಯವರಿಗೆ ಖುಷಿ ತಡೆಯಲಿಲ್ಲ. "ಹಂಗಾದ್ರೆ ಬ್ರಾಕೆಟ್ಟಿನೊಳಗೆ ಡಿ ಅಂತ ಹಾಕ್ಕೊಳ್ಳಿ. ಡಿಟ್ರಾಯ್ಟ್!"

ಲಿಸ್ಲ್‌ನವರು ಚಮಚ ಕೆಳಗಿಟ್ಟರು. "ಡಿ ಯಾಕೆ? ಶಿಕಾಗೋದ ಸಿ ಯಾಕಾಗಬಾರದು?"

"ಮದುವೆ ನಡೆದಿದ್ದು ಇಲ್ಲಿ," ಅಂದರು ಬೀಗರು, ಹೆಗಲ ಮೇಲಿನ ಕೈ ತೆಗೆದು.

"ಅಬ್ಬಾ, ಪ್ಲೀಸ್, ಸ್ಟಾಪ್ ಟಾಕಿಂಗ್!" ಅಂತ ಮಗಳು ಸ್ಟೇಜಿನಿಂದಲೇ ಅವರಪ್ಪನಿಗೆ ಕೂಗಿ ಹೇಳಿದಳು. ಅಷ್ಟೊತ್ತಿಗೆ ಇಬ್ಬರೂ ತಟ್ಟೆ ಎತ್ತಿಕೊಂಡು ಹಾಲಿನ ಒಂದೊಂದು ಮೂಲೆಗೆ ಹೊರಟಿದ್ದರು. ಸದ್ಯ, ನಿಕಾಹ್ ಮುಗಿದಮೇಲೆ ಒಡೀತು.